ಎಎಫ್ ಇರುವವರು ಕಾಫಿ ಬಿಟ್ಟು, ಶನಿವಾರದ ಕ್ವಾರ್ಟರ್ ಉಳಿಸಿಕೊಳ್ಳುವುದು ಸರಿಯೇ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ, ತಿಳಿದವರು ಬಿಡಿಸಿ ಹೇಳಬೇಕು.

ವಯಸ್ಸು 61, ಸಕಲೇಶಪುರದ ಕಡೆ. ಎರಡು ತಿಂಗಳ ಹಿಂದೆ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎಎಫ್ (ಹೃದಯದ ಬಡಿತ ತಾಳ ತಪ್ಪುವ ತೊಂದರೆ), ಸಿಕ್ಕಿತು. ಸದಾ ಇರುವಂಥದ್ದಲ್ಲ, ಬಂದು, ಕೆಲವು ಗಂಟೆ ಇದ್ದು, ತಾನೇ ಹೋಗುತ್ತದೆ. ಎಕೋದಲ್ಲಿ ಕವಾಟಗಳು ಸರಿಯಿವೆ, ಎಡ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) 42 ಮಿ.ಮೀ. ಕ್ರಿಯಾಟಿನಿನ್, ಥೈರಾಯ್ಡ್ ಎರಡೂ ಸರಿಯಾಗಿವೆ. ಮಾತ್ರೆಗಳು: ರಕ್ತ ಹೆಪ್ಪುಗಟ್ಟದಂತೆ ಅಪಿಕ್ಸಾಬಾನ್ 5 ಎಂಜಿ ಬೆಳಿಗ್ಗೆ ರಾತ್ರಿ, ಬಡಿತ ಇಳಿಸಲು ಮೆಟೊಪ್ರೊಲಾಲ್ ಎಕ್ಸ್ಎಲ್ 50, ಬಿಪಿಗೆ ಟೆಲ್ಮಿಸಾರ್ಟನ್ 40. ಜೋರು ಗೊರಕೆ ಹೊಡೆಯುತ್ತಾರೆ.

ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದರು. ನೆಂಟರು ಹೆದರಿಸಿದರೆಂದು ಒಂದೇ ದಿನಕ್ಕೆ ಪೂರ್ತಿ ಬಿಟ್ಟರು. ಈಗ ವಿಪರೀತ ತಲೆನೋವು, ಅದಕ್ಕೆ ಅಂಗಡಿಯಿಂದ ಮಾತ್ರೆ ತರಿಸಿ ನುಂಗುತ್ತಿದ್ದಾರೆ. ಆದರೆ ಶನಿವಾರ ರಾತ್ರಿಯ ಒಂದು ಕ್ವಾರ್ಟರ್ ವಿಸ್ಕಿ ಬಿಟ್ಟಿಲ್ಲ. ಮದ್ಯದ ಜೊತೆ ಮಾತ್ರೆ ಸೇರಬಾರದು ಅಂತ ಆ ರಾತ್ರಿ ಅಪಿಕ್ಸಾಬಾನ್ ತೆಗೆದುಕೊಳ್ಳುವುದಿಲ್ಲ. ಎದೆ ಡವಡವ ಬರುವುದು ಹೆಚ್ಚಾಗಿ ಭಾನುವಾರ ಬೆಳಗಿನ ಜಾವ.

ಕಾಫಿ ಪೂರ್ತಿ ಬಿಡಲೇಬೇಕೆ? ವಾರಕ್ಕೊಂದು ಸಲದ ಕುಡಿತದಿಂದ ನಿಜವಾಗಿ ತೊಂದರೆಯಿದೆಯೆ? ಕುಡಿದ ದಿನ ಮಾತ್ರೆ ಬಿಡುವುದು ಸರಿಯೆ?

ನಾಡಿ ಹಿಡಿದವರು:

ಮೊದಲು ಮಾತ್ರೆಯ ಮಾತು. ಶನಿವಾರ ರಾತ್ರಿಯ ಅಪಿಕ್ಸಾಬಾನ್ ಬಿಡಲೇಬಾರದು. ಉಳಿದದ್ದನ್ನು ನಿಧಾನವಾಗಿ ಓದಿ, ಇದನ್ನು ಮಾತ್ರ ಇವತ್ತೇ ಅಪ್ಪನಿಗೆ ಹೇಳಿ. ಎಎಫ್ ಬಂದಾಗ ಹೃತ್ಕರ್ಣ ಸರಿಯಾಗಿ ಹಿಂಡುವುದಿಲ್ಲ, ಬರೀ ಅದುರುತ್ತದೆ. ಅದರ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ನಿಮ್ಮ ತಂದೆಯವರಿಗೆ ಎಎಫ್ ಬರುವುದು ಕುಡಿದ ರಾತ್ರಿ ಕಳೆದ ಮೇಲೆ, ರಕ್ಷಣೆ ಇಲ್ಲದಿರುವುದೂ ಅದೇ ರಾತ್ರಿ. ಅಪಾಯ ಅತಿ ಹೆಚ್ಚಿರುವ ಹೊತ್ತಿಗೇ ಕೊಡೆ ಮಡಚಿಟ್ಟ ಹಾಗೆ.

ಇನ್ನು ಕುಡಿತ. ನಮ್ಮ ವಿಸ್ಕಿ, ಬ್ರಾಂದಿ, ರಮ್ ಸಾಮಾನ್ಯವಾಗಿ 42.8 ಶೇಕಡಾ. ಎಂಎಲ್ ಅನ್ನು ಆ ಶೇಕಡಾದಿಂದ ಗುಣಿಸಿ, ಮತ್ತೆ 0.79ರಿಂದ ಗುಣಿಸಿದರೆ ಶುದ್ಧ ಆಲ್ಕೊಹಾಲ್ ಎಷ್ಟು ಗ್ರಾಂ ಅಂತ ಸಿಗುತ್ತದೆ. 30 ಎಂಎಲ್ ಪೆಗ್ಗಿನಲ್ಲಿ 10 ಗ್ರಾಂ, 90 ಎಂಎಲ್‌ನ ನೈಂಟಿಯಲ್ಲಿ 30, 180ರ ಕ್ವಾರ್ಟರಿನಲ್ಲಿ 61. ಬಿಯರ್ ಹಗುರ ಅಂತ ನಂಬಿಕೆಯಿದೆ, ಆದರೆ 8 ಶೇಕಡಾದ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ. 5 ಶೇಕಡಾದ್ದಾದರೆ ಸುಮಾರು 26. ಎಎಫ್ ಇರುವವರಿಗೆ ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹಾಕಿದ ಮಿತಿ ವಾರಕ್ಕೆ 30 ಗ್ರಾಂ. ಅಂದರೆ ಒಂದು ನೈಂಟಿಗೇ ಇಡೀ ವಾರದ ಲೆಕ್ಕ ಮುಗಿಯಿತು. ನಿಮ್ಮ ತಂದೆಯವರು ಒಂದೇ ರಾತ್ರಿಯಲ್ಲಿ ಅದರ ಎರಡರಷ್ಟು ಕುಡಿಯುತ್ತಿದ್ದಾರೆ. ಒಟ್ಟಿಗೆ ಕುಡಿದಾಗ ರಕ್ತದಲ್ಲಿ ಮಟ್ಟ ಎತ್ತರಕ್ಕೆ ಏರುವುದರಿಂದ, "ವಾರಕ್ಕೊಮ್ಮೆ ತಾನೇ" ಅನ್ನುವುದು ಸಮಾಧಾನದ ಮಾತಾಗುವುದಿಲ್ಲ.

ಭಾನುವಾರ ಬೆಳಗಿನ ಜಾವದ ಡವಡವಕ್ಕೂ ಕಾರಣವಿದೆ. ಆಲ್ಕೊಹಾಲ್ ರಕ್ತದಲ್ಲಿದ್ದಾಗ ಹೃತ್ಕರ್ಣದ ಸ್ನಾಯು ಒಂದು ಬಡಿತದ ನಂತರ ಸುಧಾರಿಸಿಕೊಳ್ಳುವ ಅವಧಿ ಕಿರಿದಾಗುತ್ತದೆ. ಅವಧಿ ಕಿರಿದಾದಷ್ಟೂ ತಪ್ಪು ಮಿಡಿತ ಸುತ್ತು ಹಾಕಲು ಜಾಗ ಸಿಗುತ್ತದೆ. ಅಮಲು ಇಳಿಯುವಾಗ ಅಡ್ರಿನಲಿನ್ ಏರುತ್ತದೆ, ಬಿಪಿಯೂ ಏರುತ್ತದೆ. ಮೂತ್ರ ಹೆಚ್ಚು ಹೋಗಿ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿರುತ್ತವೆ. ಗಂಟಲಿನ ಸ್ನಾಯು ಸಡಿಲಗೊಂಡು ಗೊರಕೆ ಇಮ್ಮಡಿಯಾಗಿ, ಮಧ್ಯೆ ಮಧ್ಯೆ ಉಸಿರು ನಿಲ್ಲುತ್ತದೆ. ನೀವು ಬರೆದ ಗೊರಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ರೆಯ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಹೀಗೆ ನಿದ್ರೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಹಾಗೇ ಉಳಿದರೆ ಮಾತ್ರೆ ಕೊಟ್ಟರೂ ಎಎಫ್ ಮರುಕಳಿಸುತ್ತದೆ.

ರಜೆಯಲ್ಲಿ, ವಾರಾಂತ್ಯದಲ್ಲಿ ಜಾಸ್ತಿ ಕುಡಿದವರಿಗೆ ಹೀಗೆ ಬಡಿತ ತಪ್ಪುವುದನ್ನು ಅಮೆರಿಕದ ವೈದ್ಯರು 1978ರಲ್ಲೇ ಗುರುತಿಸಿ "ಹಾಲಿಡೇ ಹಾರ್ಟ್" ಅಂತ ಹೆಸರಿಟ್ಟಿದ್ದರು. ಬಿಟ್ಟರೆ ಉಪಯೋಗವಿದೆಯೆ ಅನ್ನುವುದಕ್ಕೆ ಉತ್ತರ ಆಸ್ಟ್ರೇಲಿಯಾದಿಂದ ಬಂತು. ಆರು ಆಸ್ಪತ್ರೆಗಳ 140 ಎಎಫ್ ರೋಗಿಗಳು, ಎಲ್ಲರೂ ವಾರಕ್ಕೆ ಕನಿಷ್ಠ 10 ಡ್ರಿಂಕ್ ಕುಡಿಯುವವರು. ಅರ್ಧ ಜನರಿಗೆ ಬಿಡಲು ಹೇಳಿದರು, ಉಳಿದವರು ಎಂದಿನಂತೆ ಮುಂದುವರಿದರು. ಆರು ತಿಂಗಳಲ್ಲಿ ಎಎಫ್ ಮರಳಿದ್ದು ಬಿಟ್ಟವರಲ್ಲಿ 53 ಶೇಕಡಾ, ಬಿಡದವರಲ್ಲಿ 73. ಇದು 2020ರಲ್ಲಿ ಪ್ರಕಟವಾಯಿತು. ಬಿಟ್ಟರೆ ಪೂರ್ತಿ ವಾಸಿ ಅಂತ ಇದು ಹೇಳುವುದಿಲ್ಲ, ಆದರೆ ಖರ್ಚಿಲ್ಲದೆ ಸಿಗುವ ಇಷ್ಟು ಲಾಭ ದೊಡ್ಡದೇ.

ಕಾಫಿಯ ವಿಷಯ ಇದಕ್ಕೆ ಉಲ್ಟಾ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಐದು ಆಸ್ಪತ್ರೆಗಳಲ್ಲಿ 200 ಎಎಫ್ ರೋಗಿಗಳಿಗೆ ಎದೆಗೆ ವಿದ್ಯುತ್ ಶಾಕ್ ಕೊಟ್ಟು ಬಡಿತ ಸರಿಪಡಿಸುವ ಸಮಯದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಕನಿಷ್ಠ ಒಂದು ಕಪ್ ಕಾಫಿ ಕುಡಿಯಬೇಕು, ಇನ್ನೊಂದು ಪೂರ್ತಿ ಬಿಡಬೇಕು. ಆರು ತಿಂಗಳಲ್ಲಿ ಕುಡಿದವರಲ್ಲಿ 47 ಶೇಕಡಾ ಮಂದಿಗೆ ಎಎಫ್ ಮರಳಿತು, ಬಿಟ್ಟವರಲ್ಲಿ 64 ಶೇಕಡಾ. ಫಲಿತಾಂಶ 2025ರ ನವೆಂಬರಿನಲ್ಲಿ ಬಂತು. ಅವರು ಕುಡಿಯುತ್ತಿದ್ದದ್ದು ಸರಾಸರಿ ದಿನಕ್ಕೊಂದು ಕಪ್ಪು, ಆರೇಳಲ್ಲ, ಅದನ್ನು ಮರೆಯಬಾರದು. ಆದರೂ ಎಎಫ್ ಬಂತೆಂದು ಹೆದರಿ ಕಾಫಿ ಬಿಡಬೇಕಾಗಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಕುಡಿದಾಗಲೆಲ್ಲ ತನಗೆ ಡವಡವ ಬರುತ್ತದೆ ಅಂತ ಸ್ಪಷ್ಟವಾಗಿ ಅನುಭವಕ್ಕೆ ಬಂದವರು ಬಿಟ್ಟು ನೋಡಬಹುದು.

ನಾನು ನೋಡಿದಷ್ಟು ಮಟ್ಟಿಗೆ ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಎಲ್ಲರ ಕಣ್ಣಿಗೆ ಬೀಳುವ ಕಾಫಿ ಲೋಟವನ್ನು ಕಿತ್ತುಕೊಳ್ಳುತ್ತಾರೆ, ಶನಿವಾರದ ಬಾಟಲಿಯ ಮಾತು ಯಾರೂ ಎತ್ತುವುದಿಲ್ಲ.

ಮೆಡಿಕಲ್ ಶಾಪ್ ಕೌಂಟರ್:

ತಲೆನೋವಿಗೆ ಅಂಗಡಿಯಿಂದ ತರಿಸಿದ ಮಾತ್ರೆ ಯಾವುದು ಅಂತ ಈಗಲೇ ಸ್ಟ್ರಿಪ್ಪಿನ ಹಿಂಭಾಗ ನೋಡಿ ಮೇಡಂ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್, ಆಸ್ಪಿರಿನ್ ಇವುಗಳಲ್ಲಿ ಯಾವುದಿದ್ದರೂ ನಿಲ್ಲಿಸಿ. ಅಪಿಕ್ಸಾಬಾನ್ ಮೇಲೆ ಇವು ಬಿದ್ದರೆ ಹೊಟ್ಟೆಯೊಳಗೆ ರಕ್ತಸ್ರಾವದ ಭಯ. ಶನಿವಾರದ ವಿಸ್ಕಿಯಿಂದ ಜಠರದ ಒಳಪದರ ಮೊದಲೇ ಕೆಂಪಾಗಿದ್ದರೆ ಇನ್ನೂ ಕಷ್ಟ. ಮಲ ಟಾರಿನ ಹಾಗೆ ಕಪ್ಪಾಗಿ ಹೋದರೆ ಕಾಯದೆ ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ 500 ಆಗಬಹುದು. ಕುಡಿಯುವ ಅಭ್ಯಾಸ ಇರುವವರು ದಿನಕ್ಕೆ 4 ಮಾತ್ರೆ, ಅಂದರೆ 2 ಗ್ರಾಂ ದಾಟಬಾರದು.

ಆ ತಲೆನೋವು ಕಾಫಿ ಬಿಟ್ಟದ್ದರಿಂದಲೇ ಬಂದಿರಬಹುದು. ಬಿಟ್ಟು 12ರಿಂದ 24 ಗಂಟೆಗೆ ಶುರುವಾಗಿ, ಎರಡನೇ ದಿನ ಜೋರಾಗಿ, ಒಂದು ವಾರದ ತನಕ ಎಳೆಯುತ್ತದೆ. ತಮಾಷೆಯ ಮಾತಲ್ಲ, ತಲೆನೋವಿನ ಕೆಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ 50 ಎಂಜಿ ಕೆಫೀನ್ ಸೇರಿಸಿರುತ್ತಾರೆ. ಬಿಟ್ಟ ಕಾಫಿಯನ್ನೇ ಮಾತ್ರೆಯ ರೂಪದಲ್ಲಿ ನುಂಗಿದಂತಾಗುತ್ತದೆ. ಕಡಿಮೆ ಮಾಡಲೇಬೇಕೆಂದಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಲೋಟ ಇಳಿಸುತ್ತಾ ಬನ್ನಿ.

ಶೀತ, ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಅಥವಾ ಸ್ಯೂಡೊಎಫೆಡ್ರಿನ್ ಇದೆಯೇ ಅಂತಲೂ ನೋಡಬೇಕು. ಇವು ಬಡಿತ ಕೆರಳಿಸಬಹುದು, ಬಿಪಿ ಏರಿಸಬಹುದು. ದಮ್ಮಿಗೆ ಕೊಡುವ ಥಿಯೊಫಿಲಿನ್ ಕೆಫೀನಿನ ಒಡಹುಟ್ಟು. ಅದನ್ನು ತೆಗೆದುಕೊಳ್ಳುವವರು ಕಾಫಿಯನ್ನು ಕಡಿಮೆಯಲ್ಲೇ ಇಡಬೇಕು. ಅದರ ಮಧ್ಯೆ ಜ್ವರಕ್ಕೋ ಮೂತ್ರದ ಸೋಂಕಿಗೋ ಸಿಪ್ರೊಫ್ಲೊಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಬಂತೆಂದರೆ ಥಿಯೊಫಿಲಿನ್, ಕೆಫೀನ್ ಎರಡೂ ಮೈಯಿಂದ ಹೊರಹೋಗದೆ ಉಳಿಯುತ್ತವೆ.

ಹೃದಯದ ಮಾತ್ರೆಗಳ ಜೊತೆ ಕುಡಿತ ಹೇಗೆ ಕೆಡಿಸುತ್ತದೆ ಅನ್ನುವುದು ಮಾತ್ರೆಯಿಂದ ಮಾತ್ರೆಗೆ ಬೇರೆ. ಅಪಿಕ್ಸಾಬಾನಿಗೂ ಆಲ್ಕೊಹಾಲಿಗೂ ನೇರ ಜಗಳ ಕಡಿಮೆ. ಬಿದ್ದು ತಲೆಗೆ ಪೆಟ್ಟಾಗುವುದು, ಹೊಟ್ಟೆಯ ರಕ್ತಸ್ರಾವ ಇವೇ ಭಯ. ಅದರ ಪರಿಣಾಮ ಅರ್ಧಕ್ಕಿಳಿಯಲು ಸುಮಾರು 12 ಗಂಟೆ ಸಾಕು, ಅದಕ್ಕೇ ದಿನಕ್ಕೆರಡು ಸಲ ಕೊಡುವುದು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಂಡು, ಮುಂದಿನದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಬೇಕು. ಎರಡು ಒಟ್ಟಿಗೆ ನುಂಗಬಾರದು. ಮೆಟೊಪ್ರೊಲಾಲ್ ಜೊತೆ ಕುಡಿದರೆ ಎದ್ದು ನಿಂತಾಗ ಬಿಪಿ ಕುಸಿದು ಕಣ್ಣು ಕತ್ತಲೆ ಬರಬಹುದು. ಹಾಗಂತ ಅದನ್ನು ಥಟ್ಟನೆ ಬಿಟ್ಟರೆ ಬಡಿತ ಮತ್ತೆ ಜೋರಾಗಬಹುದು. ಬಡಿತದ ತಾಳ ಸರಿಪಡಿಸಲು ಅಮಿಯೊಡರೋನ್ ತೆಗೆದುಕೊಳ್ಳುವವರಿಗೆ ಯಕೃತ್ತಿನ ಮೇಲೆ ಎರಡು ಕಡೆಯಿಂದ ಹೊರೆ. ಬಡಿತ ಇಳಿಸುವ ವೆರಾಪಾಮಿಲ್ ಇದ್ದರೆ ಆಲ್ಕೊಹಾಲೂ ಕೆಫೀನೂ ಎರಡೂ ನಿಧಾನವಾಗಿ ಕರಗುತ್ತವೆ. ಅದೇ ಪೆಗ್ಗು, ಅದೇ ಲೋಟ, ಆದರೆ ಏಟು ಜಾಸ್ತಿ.

ಇನ್ನೊಂದು ವಿಷಯವನ್ನು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ಅಪಿಕ್ಸಾಬಾನಿನಂಥದ್ದೇ ಇನ್ನೊಂದು ಮಾತ್ರೆ ರಿವರೊಕ್ಸಾಬಾನ್ 15 ಅಥವಾ 20 ಎಂಜಿ ಊಟದ ಜೊತೆಯೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕುಡಿದ ರಾತ್ರಿ ಬರೀ ಕಡ್ಲೆಬೀಜ, ಚಿಪ್ಸ್ ತಿಂದು ಮಲಗುವವರು ಮಾತ್ರೆ ನುಂಗಿಯೂ ಅರ್ಧ ರಕ್ಷಣೆಯಲ್ಲಿ ಇರುತ್ತಾರೆ. ಅಂಥವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಬದಲಾಯಿಸಿಕೊಳ್ಳಬಹುದು.

ಹೇಮಾವತಿ ದಂಡೆ:

ತುಂಬಾ ಉಪಕಾರವಾಯಿತು. ಮಾತ್ರೆಯ ಸ್ಟ್ರಿಪ್ ನೋಡಿದೆ, ಡೈಕ್ಲೊಫೆನಾಕ್ ಇತ್ತು. ತೆಗೆದಿಟ್ಟಿದ್ದೇನೆ. ಕಾಫಿ ವಾಪಸ್ ಶುರು ಮಾಡಿದರೆ ಎಷ್ಟು ಸರಿ? ಅಪ್ಪನ ಲೋಟ ದೊಡ್ಡದು, ಪುಡಿ ತೋಟದ್ದೇ, ಹೆಚ್ಚಿನಂಶ ರೊಬಸ್ಟಾ. ಹಾಗೆಯೇ ಚಿಕ್ಕಪ್ಪನಿಗೆ ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ, ಅವರಿಗೂ ಎಎಫ್ ಇದೆ, ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ತೆಗೆದುಕೊಳ್ಳುತ್ತಾರೆ. ಅವರಿಗೂ ಇದೇ ಲೆಕ್ಕವೆ? ಮನೆಯಲ್ಲೇ ಮಾಡುವ ವೈನ್ ಆದರೆ ಪರವಾಗಿಲ್ಲ ಅನ್ನುತ್ತಾರೆ ಅವರು.

ಪ್ಲಾಂಟೇಷನ್ ಎ:

ಕಾಫಿಯನ್ನು ಲೋಟದಲ್ಲಿ ಎಣಿಸಬೇಡಿ, ಪುಡಿಯಲ್ಲಿ ಅಳೆಯಿರಿ. ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2 ಶೇಕಡಾ, ರೊಬಸ್ಟಾದಲ್ಲಿ 2.2ರ ಸುಮಾರು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹುರಿದದ್ದು ಕಪ್ಪಾದರೆ ಕೆಫೀನ್ ಜಾಸ್ತಿ ಅನ್ನುವುದು ತಪ್ಪು, ಹುರಿಯುವುದರಿಂದ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗುವುದಿಲ್ಲ. ಕಹಿ ಏರುತ್ತದೆ, ಅಷ್ಟೆ.

ದಿನಕ್ಕೆ ನಾಲ್ಕು ಲೋಟಕ್ಕೆ ಫಿಲ್ಟರಿಗೆ ಒಟ್ಟು 30 ಗ್ರಾಂ ಪುಡಿ ಹಾಕುತ್ತೀರಿ ಅಂತ ಇಟ್ಟುಕೊಳ್ಳಿ, ಚಿಕೋರಿ 20 ಶೇಕಡಾ. ಶುದ್ಧ ಕಾಫಿ 24 ಗ್ರಾಂ. ಪೂರ್ತಿ ರೊಬಸ್ಟಾ ಆದರೆ ಅದರಲ್ಲಿ 528 ಎಂಜಿ ಕೆಫೀನ್, ಪೂರ್ತಿ ಅರೇಬಿಕಾ ಆದರೆ 288. ನಿಧಾನವಾಗಿ ತೊಟ್ಟಿಕ್ಕುವ ಫಿಲ್ಟರಿನಲ್ಲಿ ಹೆಚ್ಚಿನ ಪಾಲು ಡಿಕಾಕ್ಷನ್ನಿಗೆ ಇಳಿಯುತ್ತದೆ. 85 ಶೇಕಡಾ ಅಂತ ಹಿಡಿದರೆ ರೊಬಸ್ಟಾದಲ್ಲಿ ದಿನಕ್ಕೆ 450, ಅರೇಬಿಕಾದಲ್ಲಿ 245 ಎಂಜಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ಮಿತಿ ದಿನಕ್ಕೆ 300. ಅದೇ ನಾಲ್ಕು ಲೋಟ, ಅದೇ ಬಣ್ಣ, ಆದರೆ ಒಂದು ಮಿತಿಯೊಳಗೆ, ಇನ್ನೊಂದು ಮಿತಿಯ ಒಂದೂವರೆ ಪಟ್ಟು. ನಿಮ್ಮ ಮನೆಯ ರೊಬಸ್ಟಾಕ್ಕೆ ದಿನಕ್ಕೆ 15 ಗ್ರಾಂ ಪುಡಿ, ಎರಡು ಲೋಟ ಸರಿಯಾದ ಲೆಕ್ಕ. ಇಲ್ಲವೇ ತೋಟದಲ್ಲಿ ಅರೇಬಿಕಾ ಇದ್ದರೆ ಅರ್ಧಕ್ಕರ್ಧ ಬೆರೆಸಿ ಹುರಿಸಿ, ಮೂರು ಲೋಟ ಕುಡಿಯಬಹುದು. ಸಪ್ಪೆನಿಸುವುದಿಲ್ಲ, ಪರಿಮಳವೂ ಹೆಚ್ಚುತ್ತದೆ. ಅಂಗಡಿಯ ಪುಡಿ ತರುವವರು ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ನೋಡಿ, ಅದನ್ನು ಮುದ್ರಿಸುವುದು ಕಡ್ಡಾಯ.

ಒಂದೇ ಪುಡಿಯ ಮೇಲೆ ಎರಡನೇ ಸಲ ಬಿಸಿನೀರು ಹಾಕಿ ತೆಗೆಯುವ ಡಿಕಾಕ್ಷನ್ನಿನಲ್ಲಿ ಕೆಫೀನ್ ತೀರಾ ಕಡಿಮೆ. ಮಧ್ಯಾಹ್ನದ ನಂತರ ಬಿಸಿಯಾಗಿ ಏನಾದರೂ ಬೇಕು ಅನ್ನಿಸಿದರೆ ಅದಕ್ಕೆ ಹಾಲು ಸೇರಿಸಿ ಕೊಡಿ. ಚಹಾ ಅಂದರೆ 150 ಎಂಎಲ್ ಲೋಟಕ್ಕೆ 30ರಿಂದ 65 ಎಂಜಿ, ಹಾಗಾಗಿ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ನಾಡಿ ಹಿಡಿದವರು:

ಮೇಲಿನ ಲೆಕ್ಕ ಚೆನ್ನಾಗಿದೆ. ಅದಕ್ಕೆ ಹೊತ್ತಿನ ಲೆಕ್ಕವೂ ಸೇರಬೇಕು. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ. ಸಂಜೆ 5ಕ್ಕೆ ಕುಡಿದ ರೊಬಸ್ಟಾ ಲೋಟದ ಅರ್ಧದಷ್ಟು ರಾತ್ರಿ 10ಕ್ಕೂ ರಕ್ತದಲ್ಲೇ ಇರುತ್ತದೆ. ಆರೋಗ್ಯವಂತ 100 ಜನರ ಮೇಲೆ 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಫಿ ಕುಡಿದ ದಿನ ಹೃತ್ಕರ್ಣದ ಹೆಚ್ಚುವರಿ ಮಿಡಿತ ಹೆಚ್ಚಲಿಲ್ಲ, ಆದರೆ ನಿದ್ರೆ 36 ನಿಮಿಷ ಕಡಿಮೆಯಾಯಿತು. ನಿದ್ರೆ ಕೆಟ್ಟರೆ ಎಎಫಿಗೆ ದಾರಿ. ಹಾಗಾಗಿ ಕೊನೆಯ ಲೋಟ ಮಧ್ಯಾಹ್ನ 2ರೊಳಗೆ ಮುಗಿಯಲಿ. ಅದೇ ಪ್ರಯೋಗದಲ್ಲಿ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಹೆಚ್ಚುವರಿ ಮಿಡಿತಗಳು ದಿನಕ್ಕೆ 102ರಿಂದ 154ಕ್ಕೆ ಏರಿದವು. ಆದ್ದರಿಂದ ವರದಿಯಲ್ಲಿ ವಿಪಿಸಿ ಅಥವಾ ಪಿವಿಸಿ (ಇದೇ ಹೆಚ್ಚುವರಿ ಮಿಡಿತ) ಹೆಚ್ಚು ಅಂತ ಇರುವವರಿಗೆ ನಾನು ಕಾಫಿ ಇಳಿಸಿ ನೋಡಿ ಅಂತಲೇ ಹೇಳುತ್ತೇನೆ. ಎಎಫಿನ ಸಮಾಧಾನ ಅವರಿಗೆ ಹಾಗೇ ಅನ್ವಯವಾಗುವುದಿಲ್ಲ. ಲಾಂಗ್ ಕ್ಯೂಟಿಯಂಥ, ಬಡಿತ ಕೆಡಿಸುವ ವಂಶವಾಹಿ ತೊಂದರೆ ಇರುವ ಹುಡುಗರು ಎನರ್ಜಿ ಡ್ರಿಂಕ್ ಮುಟ್ಟಲೇಬಾರದು.

ಚಿಕ್ಕಪ್ಪನವರ ಲೆಕ್ಕ ಬೇರೆಯೇ. ಕೀಲುಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಹೊಸ ಮಾತ್ರೆಗಳಿಗಿಂತ ಅಸಿಟ್ರೋಮ್, ವಾರ್ಫರಿನ್ ಜಾತಿಯ ಹಳೆಯ ಮಾತ್ರೆಗಳೇ ಒಳ್ಳೆಯವು. 2022ರಲ್ಲಿ ಬಂದ, 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳ ಅಧ್ಯಯನದಲ್ಲಿ ರಿವರೊಕ್ಸಾಬಾನ್ ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು. ಹಾಗಾಗಿ "ಅಣ್ಣನ ಮಾತ್ರೆ ನನಗೂ ಬರೆಸಿ" ಅಂತ ಬದಲಾಯಿಸಬೇಡಿ. ಅವರ ಐಎನ್ಆರ್ (ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಅನ್ನುವ ಅಳತೆ) ಸಾಮಾನ್ಯವಾಗಿ 2 ಮತ್ತು 3ರ ನಡುವೆ ನಿಲ್ಲಬೇಕು. ಒಂದೇ ರಾತ್ರಿ ಜಾಸ್ತಿ ಕುಡಿದರೆ ಯಕೃತ್ತು ಆಲ್ಕೊಹಾಲಿನ ಕೆಲಸದಲ್ಲಿ ಮುಳುಗಿ ಮಾತ್ರೆ ಕರಗದೆ ಉಳಿಯುತ್ತದೆ, ಐಎನ್ಆರ್ ಮೇಲೇರುತ್ತದೆ. ದಿನಾ ಕುಡಿಯುವವರಲ್ಲಿ ಯಕೃತ್ತು ಚುರುಕಾಗಿ ಮಾತ್ರೆಯನ್ನು ಬೇಗ ಕರಗಿಸಿ ಐಎನ್ಆರ್ ಇಳಿಯುತ್ತದೆ. ಕುಡಿತದ ದಿನ ಊಟ, ಸೊಪ್ಪು ತಪ್ಪುವುದು ಇದಕ್ಕೆ ಇನ್ನೊಂದು ಸೇರ್ಪಡೆ. ಅವರಿಗೆ ಬಿಡುವುದೇ ನೇರ ದಾರಿ. ಬಿಟ್ಟ ಮೇಲೂ ಮೊದಲ ವಾರಗಳಲ್ಲಿ ಐಎನ್ಆರ್ ಬೇಗ ಬೇಗ ನೋಡಿಸಿ, ಯಾಕೆಂದರೆ ಮಾತ್ರೆಯ ಪ್ರಮಾಣ ಬದಲಾಯಿಸಬೇಕಾಗಿ ಬರಬಹುದು.

ಮನೆಯ ವೈನ್ ವಿಷಯ. ಯುರೋಪಿನಲ್ಲಿ 1,07,845 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2021ರಲ್ಲಿ ಬಂತು. ದಿನಕ್ಕೆ 12 ಗ್ರಾಂ ಆಲ್ಕೊಹಾಲ್ ಕುಡಿಯುವವರಿಗೆ ಎಎಫ್ ಬರುವ ಸಾಧ್ಯತೆ, ಕುಡಿಯದವರಿಗಿಂತ 16 ಶೇಕಡಾ ಹೆಚ್ಚು. ಅದು ವೈನೋ, ಬಿಯರೋ, ವಿಸ್ಕಿಯೋ ಅನ್ನುವುದರಿಂದ ವ್ಯತ್ಯಾಸವಾಗಲಿಲ್ಲ. ಮನೆಯ ವೈನಿಗೆ ಲೇಬಲ್ ಇಲ್ಲ, ಎಷ್ಟು ಶೇಕಡಾ ಅಂತ ಅಳೆಯುವವರಿಲ್ಲ, ಕೂತಷ್ಟೂ ಹುದುಗುತ್ತದೆ. ಹೆಂಡದ ಕಥೆಯೂ ಅದೇ.

ಬಿಡುವ ರೀತಿಯಲ್ಲೂ ಎಚ್ಚರ ಬೇಕು. ನಿಮ್ಮ ತಂದೆಯವರದು ವಾರಕ್ಕೊಂದು ದಿನವಾದ್ದರಿಂದ ಒಮ್ಮೆಲೇ ನಿಲ್ಲಿಸಬಹುದು. ದಿನಾ ಕ್ವಾರ್ಟರ್ ಅಥವಾ ಹೆಚ್ಚು ಕುಡಿಯುವವರು ಮನೆಯಲ್ಲಿ ತಾವೇ ಥಟ್ಟನೆ ಬಿಟ್ಟರೆ ಎರಡು ದಿನದೊಳಗೆ ಕೈ ನಡುಕ, ಫಿಟ್ಸ್, ಎರಡು ಮೂರು ದಿನದ ನಂತರ ಭ್ರಮೆ ಬರಬಹುದು. ಆ ಅಡ್ರಿನಲಿನ್ ಏರಿಕೆಗೆ ಎಎಫ್ ಕೂಡ ಕೆರಳುತ್ತದೆ. ಅಂಥವರು ವೈದ್ಯರ ಕಣ್ಣಳತೆಯಲ್ಲಿ, ಥಯಮಿನ್ (ವಿಟಮಿನ್ ಬಿ1) ಮತ್ತು ಬೇಕಾದ ಔಷಧಿ ತೆಗೆದುಕೊಂಡೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ಮೊದಲು ಮಾತಾಡಬೇಕು ಅನ್ನುವವರು ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ಹೇಮಾವತಿ ದಂಡೆ:

ಶನಿವಾರದ್ದನ್ನು ಬಿಡಲು ಅಪ್ಪ ಒಪ್ಪಿದ್ದಾರೆ, ಎರಡು ಲೋಟ ಕಾಫಿ ಸಿಗುತ್ತದೆ ಅಂದ ಮೇಲೆ. ಮತ್ತೆ ಡವಡವ ಬಂದರೆ ಮನೆಯಲ್ಲಿ ಏನು ನೋಡಬೇಕು, ಯಾವಾಗ ಹೊರಡಬೇಕು? ಎಎಫ್ ತಾನಾಗಿ ಹೋಗದೆ ನಿಂತುಬಿಟ್ಟರೆ ಶಾಕ್ ಕೊಡುವ ಮಾತೂ ಇದೆ.

ನಾಡಿ ಹಿಡಿದವರು:

ಕೂರಿಸಿ, ಹೆಬ್ಬೆರಳಿನ ಬುಡದ ಕಡೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ನಾಡಿ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎಎಫಿನಲ್ಲಿ ತಪ್ಪು ಲೆಕ್ಕ ಕೊಡುತ್ತದೆ, ಬಡಿತಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲವಲ್ಲ. ಪೂರ್ತಿ 60 ಸೆಕೆಂಡ್ ಎಣಿಸಿ, ಹೊತ್ತು ಬರೆದಿಡಿ. ಸುಮ್ಮನೆ ಕೂತಿದ್ದರೂ 110ಕ್ಕಿಂತ ಮೇಲೇ ಇದ್ದು ಇಳಿಯದಿದ್ದರೆ ಅವತ್ತೇ ತೋರಿಸಿ, ಡವಡವ ಇರುವಾಗಲೇ ಇಸಿಜಿ ಸಿಕ್ಕರೆ ಇನ್ನೂ ಒಳ್ಳೆಯದು. ಎದೆನೋವು, ಏದುಸಿರು, ಎಚ್ಚರ ತಪ್ಪುವುದು ಇದ್ದರೆ ಕಾಯಬೇಡಿ, 108. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಬಿದ್ದು ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಇವು ಲಕ್ವದ ಗುರುತು. ಕುಡಿದ ರಾತ್ರಿ ಇದನ್ನು ಅಮಲು ಅಂತ ತಿಳಿದು ಮಲಗಿಸಿಬಿಡುತ್ತಾರೆ, ಬೆಳಿಗ್ಗೆಯ ಹೊತ್ತಿಗೆ ಚಿಕಿತ್ಸೆಯ ಸಮಯ ಮೀರಿರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅಪಿಕ್ಸಾಬಾನ್ ಕೊನೆಯದಾಗಿ ನುಂಗಿದ್ದು ಎಷ್ಟು ಗಂಟೆಗೆ ಅಂತ ಅಲ್ಲಿ ಮೊದಲು ಕೇಳುತ್ತಾರೆ, ಯಾವ ಚಿಕಿತ್ಸೆ ಅನ್ನುವುದು ಅದರ ಮೇಲೆ ನಿಲ್ಲುತ್ತದೆ. ಕ್ಯಾಲೆಂಡರಿನಲ್ಲಿ ಬೆಳಿಗ್ಗೆ ರಾತ್ರಿ ಎರಡೂ ಹೊತ್ತಿನ ಸಮಯ ಬರೆಯುವ ಅಭ್ಯಾಸ ಇವತ್ತಿನಿಂದಲೇ ಮಾಡಿ.

ಆ ಕ್ಯಾಲೆಂಡರ್ ಶಾಕ್ ಕೊಡುವ ದಿನಕ್ಕೂ ಬೇಕು. ಅದಕ್ಕೆ ಮುಂಚೆ ಮೂರು ವಾರ ಒಂದು ಹೊತ್ತೂ ತಪ್ಪದೆ ಅಪಿಕ್ಸಾಬಾನ್ ತೆಗೆದುಕೊಂಡಿರಬೇಕು. ನಡುವೆ ಒಂದು ಶನಿವಾರ ತಪ್ಪಿದ್ದರೂ ಮುಚ್ಚಿಡದೆ ಹೇಳಿ. ಆಗ ದಿನಾಂಕ ಮುಂದೆ ಹಾಕುತ್ತಾರೆ, ಇಲ್ಲವೇ ಅನ್ನನಾಳದ ಮೂಲಕ ಎಕೋ ಮಾಡಿ ಒಳಗೆ ಹೆಪ್ಪಿಲ್ಲ ಅಂತ ಖಚಿತಪಡಿಸಿಕೊಂಡು ಶಾಕ್ ಕೊಡುತ್ತಾರೆ. ಆಮೇಲೂ ಕನಿಷ್ಠ ನಾಲ್ಕು ವಾರ ಮಾತ್ರೆ ಮುಂದುವರಿಯಲೇಬೇಕು, ಯಾಕೆಂದರೆ ಬಡಿತ ಸರಿಹೋದ ಮೇಲೂ ಹೃತ್ಕರ್ಣ ಪೂರ್ತಿ ಬಲವಾಗಿ ಹಿಂಡಲು ಕೆಲವು ವಾರ ತೆಗೆದುಕೊಳ್ಳುತ್ತದೆ.

ಮೆಡಿಕಲ್ ಶಾಪ್ ಕೌಂಟರ್:

ಒಂದು ಸೇರಿಸುತ್ತೇನೆ. ಶಾಕ್ ಕೊಡುವ ದಿನ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿರುತ್ತಾರೆ, ಅದನ್ನು ಕೇಳಿ ಬೆಳಗಿನ ಅಪಿಕ್ಸಾಬಾನನ್ನೂ ಬಿಟ್ಟು ಬರುವವರಿದ್ದಾರೆ. ಸಾಮಾನ್ಯವಾಗಿ ಅದನ್ನು ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.